ಮೇಕೆಕಿವಿಯ ನಾನೂರು ದಿನ

ಜೂನ್ ೩, ಸೋಮವಾರ

ಇವತ್ತಿನಿಂದ ಕಲ್ಲಿನ ಗೆರೆ ಎಣಿಸುವ ಕೆಲಸ. ನಗಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹನ್ನೊಂದು ವರ್ಷ ನೂಲಿನ ಗಿರಣಿಯಲ್ಲಿ ಕಡಿದ ಎಳೆಗೆ ಗಂಟು ಹಾಕಿದ ಬೆರಳು ಇವು. ಅದೇ ಗಿರಣಿಯ ಗೇಟಿನ ಮುಂದೆ ಘೋಷಣೆ ಕೂಗಿ ಗಂಟಲು ಹರಿದುಕೊಂಡವಳು ನಾನು. ಸಿಕ್ಕಿದ್ದೇನು? ಹೆಸರಿನ ಮುಂದೆ ಒಂದು ಕೆಂಪು ಗುರುತು. ಸಂಘ, ಮೆರವಣಿಗೆ, ಕರಪತ್ರ ಎಲ್ಲಕ್ಕೂ ಕೈಮುಗಿದಾಗಿದೆ. ಇನ್ನು ನಾನಾಯಿತು, ಕಲ್ಲಾಯಿತು.

ಮ್ಯೂಸಿಯಂ ಹಿಂದಿನ ಕಟ್ಟಡದ ಎರಡನೆಯ ಮಹಡಿ. ಮೂರು ಮೇಜು, ಮೂರು ಸೂಕ್ಷ್ಮದರ್ಶಕ, ಎಣಿಸುವವರು ಮೂವರು. ಮೂವರೂ ಗುತ್ತಿಗೆಯವರು. ಕಿಟಕಿ ಪಕ್ಕ ದೊಡ್ಡಕ್ಕ. ಅವಳು ಇಲ್ಲಿ ನಾಲ್ಕು ವರ್ಷದಿಂದ ಇದ್ದಾಳೆ. ಬಾಗಿಲ ಪಕ್ಕ ಮೇಷ್ಟ್ರು. ಶಾಲೆ ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ನಡುವೆ ನಾನು. ಮೇಲ್ವಿಚಾರಣೆಗೆ ಸಾಹೇಬರು.

ಕಲ್ಲು ಅಂದರೆ ಬರಿ ಕಲ್ಲಲ್ಲ. ನಲವತ್ತು ಕೋಟಿ ವರ್ಷದ ಹಿಂದೆ ಸಮುದ್ರದಲ್ಲಿದ್ದ ಹವಳ, ಸತ್ತು ಕಲ್ಲಾದದ್ದು. ಬೆರಳುದ್ದ, ಕೊಂಬಿನ ಆಕಾರ. ಆ ಜೀವ ದಿನಕ್ಕೊಂದು ಕೂದಲೆಳೆಯಷ್ಟು ಸುಣ್ಣದ ಗೆರೆ ಹಾಕಿಕೊಳ್ಳುತ್ತಿತ್ತಂತೆ. ವರ್ಷಕ್ಕೊಂದು ಸಲ ಮೈ ಉಬ್ಬುತ್ತಿತ್ತು. ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿನವರೆಗೆ ಗೆರೆ ಎಣಿಸಿದರೆ ಆ ವರ್ಷದಲ್ಲಿ ಎಷ್ಟು ದಿನ ಇದ್ದವು ಎಂದು ತಿಳಿಯುತ್ತದೆ.

"ಮುನ್ನೂರ ಅರವತ್ತೈದು ತಾನೆ ಸಾರ್?" ಅಂದೆ.

"ಅಲ್ಲಮ್ಮಾ. ಹತ್ತಿರ ಹತ್ತಿರ ನಾನೂರು," ಅಂದರು ಸಾಹೇಬರು. ವರ್ಷ ಆಗಲೂ ಇಷ್ಟೇ ಉದ್ದ. ಆದರೆ ಭೂಮಿ ಜೋರಾಗಿ ತಿರುಗುತ್ತಿತ್ತು. ದಿನಕ್ಕೆ ಇಪ್ಪತ್ತೆರಡೇ ಗಂಟೆ. ಚಂದ್ರ ಸಮುದ್ರದ ನೀರನ್ನು ಹಿಡಿದು ಎಳೆಯುತ್ತಾನೆ, ತಿರುಗುವ ಭೂಮಿಗೆ ಅದೇ ಬ್ರೇಕು. ಅವತ್ತಿನಿಂದ ಇವತ್ತಿನವರೆಗೆ ಭೂಮಿ ನಿಧಾನವಾಗುತ್ತಲೇ ಇದೆ, ದಿನ ಉದ್ದವಾಗುತ್ತಲೇ ಇದೆ. ನೂರು ವರ್ಷಕ್ಕೆ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು, ಅಷ್ಟೂ ಇಲ್ಲ.

ಸರಿ, ಭೂಮಿಗೂ ದಣಿವಾಗುತ್ತದೆ ಎಂದಾಯಿತು.


ಜೂನ್ ೫, ಬುಧವಾರ

ಕೆಲಸದ ಕಟ್ಟುಪಾಡು ಹೀಗಿದೆ. ಎಡಗೈಯಲ್ಲಿ ಸಣ್ಣ ಎಣಿಕೆಯಂತ್ರ. ಒಂದು ಗೆರೆ ಕಂಡರೆ ಹೆಬ್ಬೆರಳಿನಿಂದ ಒಂದು ಸಲ ಒತ್ತಬೇಕು. ಟಕ್. ಅಂಕಿ ಕಾಣುವ ಕಿಂಡಿಗೆ ಕಪ್ಪು ಟೇಪು ಅಂಟಿಸಿರುತ್ತಾರೆ. ಎಷ್ಟಾಯಿತು ಎಂದು ಎಣಿಸುವವರಿಗೆ ಗೊತ್ತಾಗಬಾರದು. ಗೊತ್ತಾದರೆ ಮನಸ್ಸು ನಾನೂರರ ಕಡೆಗೆ ವಾಲುತ್ತದೆ. ಮುಗಿದ ಮೇಲೆ ಪಕ್ಕದವರು ಟೇಪು ಬಿಚ್ಚಿ ರಿಜಿಸ್ಟರಿಗೆ ಬರೆಯಬೇಕು. ಒಳ್ಳೆಯ ನಿಯಮ. ಗಿರಣಿಯಲ್ಲಿ ಇಂಥ ಪ್ರಾಮಾಣಿಕತೆ ಮ್ಯಾನೇಜರನ ಟೇಬಲ್ಲಿಗೂ ಬಂದಿರಲಿಲ್ಲ.

ಇನ್ನೊಂದು ನಿಯಮ: ಅರ್ಧ ಗಂಟೆಗೊಮ್ಮೆ ಐದು ನಿಮಿಷ ಕಿಟಕಿಯಿಂದ ದೂರ ನೋಡಬೇಕು. ದೂರದಲ್ಲಿ ಒಂದು ನೀರಿನ ಟ್ಯಾಂಕು, ಅದರ ಮೇಲೆ ಪಾರಿವಾಳ. ಮೂವರೂ ಪಾರಿವಾಳ ಎಣಿಸುತ್ತೇವೆ. "ಕಣ್ಣಿಗೆ ರಜೆ ಕೊಟ್ರೂ ಚಟ ಬಿಡಲ್ಲ ನೋಡು," ಎಂದು ದೊಡ್ಡಕ್ಕ ನಗುತ್ತಾಳೆ.

ಇವತ್ತಿನ ಮೂರನೆಯ ಕಲ್ಲಿನ ತುದಿಯಲ್ಲಿ ಚಕ್ಕೆ ಹಾರಿ, ಉಳಿದ ಚೂರು ಮೇಕೆಕಿವಿಯ ಹಾಗೆ ಜೋತುಬಿದ್ದಿದೆ. ಗೆರೆಗಳು ಮಗ್ಗದಿಂದ ಇಳಿಸಿದ ಬಟ್ಟೆಯಷ್ಟು ಸ್ಪಷ್ಟ. ಟೇಪು ಬಿಚ್ಚಿದ ದೊಡ್ಡಕ್ಕ ಕಿವಿಯಲ್ಲಿ ಹೇಳಿದಳು: "ನಾನೂರ ಒಂದು! ಮೂರನೇ ದಿನಕ್ಕೇ ಪಳಗಿಬಿಟ್ಯಲ್ಲೇ ತಂಗಿ."

ಸಂಜೆ ಅತ್ತೆಗೆ ಸೂಜಿ ಪೋಣಿಸಿಕೊಟ್ಟೆ. ಒಂದೇ ಸಲಕ್ಕೆ. ಇವರು ತೀರಿಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಅತ್ತೆಯ ಕಣ್ಣಿಗೆ ಹತ್ತಿರದ್ದು ಕಾಣದು, ನನಗೆ ಎಲ್ಲವೂ ಕಾಣುತ್ತದೆ.


ಜೂನ್ ೧೪, ಶುಕ್ರವಾರ

ಹೆಬ್ಬೆರಳು ಸುಮ್ಮನಿರುವುದಿಲ್ಲ. ಮೆಟ್ಟಿಲು ಹತ್ತುವಾಗ ಟಕ್, ಬಸ್ಸಿನ ಕಿಟಕಿಯ ಸರಳಿಗೆ ಟಕ್. ಅತ್ತೆ ಕೆಮ್ಮಿದರೂ ಟಕ್.

"ನಾ ಎಷ್ಟು ಸಲ ಕೆಮ್ಮಿದೆ ಅಂತ ಲೆಕ್ಕ ಇಡ್ತಿದ್ದೀಯೇನೇ?"

"ಹನ್ನೆರಡು, ಅತ್ತೆ."

"ಹದಿಮೂರು. ನಿಮ್ಮ ಸಾಹೇಬರಿಗೆ ಹೇಳ್ತೀನಿ, ಇವಳ ಲೆಕ್ಕ ಸರಿ ಇಲ್ಲ ಅಂತ."

ನಾಲ್ಕಕ್ಕೆ ಕೆಲಸ ಬಿಡುತ್ತದೆ. ಮನೆ ಸೇರುವಾಗ ಎದುರು ಗೋಡೆಯ ಮೇಲೆ ಬಿಸಿಲು ಇರುತ್ತದೆ. ಗಿರಣಿಯ ಹನ್ನೊಂದು ವರ್ಷದಲ್ಲಿ ಆ ಗೋಡೆಗೆ ಯಾವ ಬಣ್ಣ ಎಂದೇ ನನಗೆ ಗೊತ್ತಿರಲಿಲ್ಲ. ತಿಳಿಹಸಿರು.


ಜುಲೈ ೧, ಸೋಮವಾರ

ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾರೆ. ಆಗಸ್ಟ್ ಹನ್ನೆರಡಕ್ಕೆ ಮ್ಯೂಸಿಯಂನಲ್ಲಿ ಹೊಸ ಕೊಠಡಿ ತೆರೆಯುತ್ತಾರಂತೆ. ದಿನ ಹೇಗೆ ಉದ್ದವಾಗುತ್ತ ಬಂತು ಎಂದು ಜನರಿಗೆ ತೋರಿಸುವ ಕೊಠಡಿ. ಅಷ್ಟರೊಳಗೆ ಎಲ್ಲ ಕಲ್ಲುಗಳ ಎಣಿಕೆ ಮುಗಿಯಬೇಕು. ಆದ್ದರಿಂದ ಇವತ್ತಿನಿಂದ ಆರು ಗಂಟೆಯ ಬದಲು ಒಂಬತ್ತು ಗಂಟೆ ಕೆಲಸ. ಕಣ್ಣಿನ ವಿರಾಮ "ಅಗತ್ಯವಿದ್ದಲ್ಲಿ ಮಾತ್ರ". ಒಪ್ಪದವರ ಗುತ್ತಿಗೆ ಮುಂದುವರಿಯುವುದಿಲ್ಲ.

ಭೂಮಿ ತನ್ನ ದಿನವನ್ನು ಎರಡು ಗಂಟೆ ಉದ್ದ ಮಾಡಲು ನಲವತ್ತು ಕೋಟಿ ವರ್ಷ ತೆಗೆದುಕೊಂಡಿತು. ಈ ಆಫೀಸು ಮೂರು ಗಂಟೆಯನ್ನು ಒಂದು ಹಾಳೆಯಲ್ಲಿ ಮುಗಿಸಿತು. ಚಂದ್ರನಿಗಾದರೂ ನಾಚಿಕೆ ಇತ್ತು, ನೂರು ವರ್ಷಕ್ಕೆ ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು ಕೂಡ ಕೇಳಲಿಲ್ಲ.

ಮೇಷ್ಟ್ರು ನನ್ನ ಮುಖ ನೋಡಿದರು. "ನೀವು ಗಿರಣೀಲಿ ಸಂಘ ಕಟ್ಟಿದವರಲ್ವಾ? ಏನಾದ್ರೂ ಹೇಳಿ."

"ಅದೆಲ್ಲ ಮುಗೀತು ಮೇಷ್ಟ್ರೇ," ಅಂದೆ. ಸಹಿ ಹಾಕಿದೆ. ಮೂವರೂ ಹಾಕಿದೆವು.


ಜುಲೈ ೯, ಮಂಗಳವಾರ

ಮನೆಗೆ ಬಂದಾಗ ಎದುರು ಗೋಡೆಯ ಮೇಲೆ ಬಿಸಿಲು ಇರಲಿಲ್ಲ. ಬಸ್ಸುಗಳ ನಂಬರ್ ಬೋರ್ಡನ್ನು ಈಗೀಗ ತೊಳೆಯುವುದೇ ಇಲ್ಲವೇನೋ, ಹತ್ತಿರ ಬಂದು ನಿಲ್ಲುವವರೆಗೆ ಓದಲು ಬರುವುದಿಲ್ಲ. ಇವತ್ತು ಬೇರೆ ಬಸ್ಸು ಹತ್ತಿ ಮೂರು ನಿಲ್ದಾಣ ಆಚೆ ಹೋಗಿ ನಡೆದುಕೊಂಡು ಬಂದೆ.

ಕಾಲು ನೋವು. ಬರೆಯುವುದಕ್ಕೆ ಏನೂ ಇಲ್ಲ.


ಜುಲೈ ೨೦, ಶನಿವಾರ

ಈ ನೋಟ್‌ಬುಕ್ಕಿನ ಗೆರೆಗಳನ್ನು ತೀರಾ ತೆಳುವಾಗಿ ಅಚ್ಚುಹಾಕಿದ್ದಾರೆ. ಎರಡು ಸಾಲು ಬಿಟ್ಟು ಒಂದು ಸಾಲು ಬರೆಯುತ್ತಿದ್ದೇನೆ. ಪೆನ್ನೂ ಬದಲಾಯಿಸಿದೆ. ಅಡುಗೆಮನೆಯ ಬಲ್ಬನ್ನೂ ಬದಲಾಯಿಸಿದೆ, ಹೊಸದೂ ಅಷ್ಟಕ್ಕಷ್ಟೆ. ಒಂದು ವಸ್ತುವಾದರೂ ನೆಟ್ಟಗೆ ಮಾಡುತ್ತಾರಾ ಈ ಕಂಪನಿಗಳು?

ಇವತ್ತು ಸಾಹೇಬರು ಒಳಗೆ ಕರೆದರು. ಮುಂದೆ ರಿಜಿಸ್ಟರು.

"ನೋಡಿಮ್ಮಾ, ದೊಡ್ಡಕ್ಕನವರದ್ದು ನಾನೂರು, ನಾನೂರ ಎರಡು, ಮುನ್ನೂರ ತೊಂಬತ್ತೊಂಬತ್ತು. ಮೇಷ್ಟ್ರದ್ದೂ ಅದರ ಹತ್ತಿರಾನೇ. ನಿಮ್ಮದು ಮಾತ್ರ ಇಳೀತಾ ಇದೆ. ಮುನ್ನೂರ ತೊಂಬತ್ತು, ಎಂಬತ್ತೈದು, ನಿನ್ನೆ ಎಪ್ಪತ್ತೊಂಬತ್ತು."

"ಕಲ್ಲು ಹೇಳಿದ್ದನ್ನ ಒತ್ತಿದ್ದೀನಿ ಸಾರ್."

"ಆ ಕೊಠಡೀಲಿ ಬೋರ್ಡ್ ಆಗಲೇ ಬರೆಸಿ ಆಗಿದೆ."

ಬಂತಲ್ಲ ಬಾಯಿಗೆ! ನಾನೂ ನೋಡಿದ್ದೇನೆ ಆ ಬೋರ್ಡನ್ನು. ಬೋರ್ಡು ಬರೆಯುವವನು ಆಳೆತ್ತರದ ೪೦೦ ಬರೆದು, ಎರಡು ಸೊನ್ನೆಗೂ ನೀಲಿ ಅಂಚು ಕಟ್ಟಿದ್ದಾನೆ. "ಅಕ್ಕಾ, ನೀವು ಬೇರೆ ಏನಾದ್ರೂ ಎಣಿಸಿದ್ರೆ ಮೊದಲೇ ಹೇಳ್ಬಿಡಿ, ಸೊನ್ನೆ ಅಳಿಸೋದು ಬಲು ಕಷ್ಟ," ಎಂದು ಮೊನ್ನೆ ತಮಾಷೆ ಮಾಡಿದ್ದ.

ಸಾಹೇಬರಿಗೆ ನೇರವಾಗಿ ಹೇಳಿದೆ: "ಬೋರ್ಡಿಗೆ ಬೇಕಾದ ಅಂಕಿ ಕಲ್ಲು ಕೊಡಲ್ಲ ಸಾರ್. ಗೆರೆ ಕಡಿಮೆ ಅಂದ್ರೆ ಆಗಿನ ದಿನ ನೀವು ಹೇಳಿದ್ದಕ್ಕಿಂತ ಉದ್ದ ಇತ್ತು ಅಂತ. ತಪ್ಪಿದ್ರೆ ಪುಸ್ತಕ ತಿದ್ದಿ."

ಅವರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡರು. ಅವರೂ ಸೋತುಹೋದವರ ಹಾಗೆ ಕಂಡರು. "ತಿಂಗಳ ಕೊನೆಯವರೆಗೂ ನೋಡ್ತೀನಿ," ಅಂದರು. ಅದರ ಅರ್ಥ ನನಗೆ ಗೊತ್ತು. ಗಿರಣಿಯಲ್ಲೂ ಹೀಗೇ ಹೇಳಿದ್ದರು.


ಜುಲೈ ೨೯, ಸೋಮವಾರ

ದೊಡ್ಡಕ್ಕನ ಜೊತೆ ಜಗಳ. ಊಟದ ಹೊತ್ತಿನಲ್ಲಿ ನಾನೇ ಶುರುಮಾಡಿದೆ.

"ಯಾವ ಕಲ್ಲು ಕೊಟ್ರೂ ನಿಂಗೆ ನಾನೂರೇ ಬರತ್ತಲ್ಲ, ಅದೆಂಥ ಕಣ್ಣು ದೊಡ್ಡಕ್ಕ?"

"ಏನು ಹಾಗಂದ್ರೆ?"

"ಸಾಹೇಬರ ಮುಖ ನೋಡಿ ಒತ್ತೋ ಬೆರಳು ಅಂತ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಅರ್ಧ ಊಟ ಹಾಗೇ ಉಳಿದಿತ್ತು. "ನಾಲ್ಕು ವರ್ಷ ಆಯ್ತು ತಂಗಿ ನಾ ಇಲ್ಲಿ ಬಂದು. ನಂಗೆ ಯಾರೂ ಹೀಗಂದಿರಲಿಲ್ಲ." ಆಮೇಲೆ ಸಂಜೆಯವರೆಗೆ ಅವಳ ಮೇಜಿನಿಂದ ಟಕ್ ಟಕ್ ಬಿಟ್ಟರೆ ಬೇರೆ ಸದ್ದಿಲ್ಲ. ಒಂದೇ ಸಮ. ಗಡಿಯಾರದ ಹಾಗೆ.

ಹೇಳಿದ್ದು ತಪ್ಪೇ? ಸತ್ಯ ಹೇಳಿದರೆ ಊಟ ಬಿಡುವವರು ಬಿಡಲಿ. ನಾನು ಕಂಡಷ್ಟೇ ಒತ್ತುತ್ತೇನೆ. ಒಬ್ಬಳಾದರೂ ಸರಿಯಾಗಿ ಎಣಿಸಬೇಕು ಈ ಕೋಣೆಯಲ್ಲಿ.

ಮನೆಯಲ್ಲಿ ಚಹಾ ಬಗ್ಗಿಸುವಾಗ ಲೋಟದ ಆಚೆ ಹೋಯಿತು, ಕಾಲ ಮೇಲೆ. ಅತ್ತೆ ಸೂಜಿ ದಾರ ಹಿಡಿದು ಬಂದರು. ದಾರ ಸರಿಯಿಲ್ಲ ಅಂದೆ. "ಹೋದ ವಾರ ಸೂಜಿ ಸರಿಯಿಲ್ಲ ಅಂದಿದ್ದೆ," ಎಂದು ಗೊಣಗುತ್ತ ಪಕ್ಕದ ಮನೆಗೆ ಹೋದರು.


ಆಗಸ್ಟ್ ೫, ಸೋಮವಾರ

ನಡೆದದ್ದನ್ನು ನಿಧಾನವಾಗಿ ಬರೆಯುತ್ತೇನೆ.

ಬೆಳಿಗ್ಗೆ ಎರಡನೆಯ ಕಲ್ಲು. ನಂಬರು ಹೊಸದು. ಸೂಕ್ಷ್ಮದರ್ಶಕದ ಕೆಳಗಿನ ಹಿಡಿಕೆಗೆ ಕೂರಿಸುವಾಗ ಬೆರಳಿಗೆ ಏನೋ ತಗುಲಿತು. ತುದಿಯಲ್ಲಿ ಜೋತುಬಿದ್ದ ಚೂರು. ಬೆರಳಿಗೇ ಗುರುತು ಸಿಕ್ಕಿತು, ಕಣ್ಣಿಗಲ್ಲ. ಮೇಕೆಕಿವಿ.

ಎಣಿಸಿದೆ. ಟೇಪು ಬಿಚ್ಚಿದವರು ಮೇಷ್ಟ್ರು, ದೊಡ್ಡಕ್ಕ ನನ್ನ ಯಂತ್ರ ಮುಟ್ಟುತ್ತಿಲ್ಲವಲ್ಲ. ಮುನ್ನೂರ ಎಪ್ಪತ್ತೆರಡು.

"ಮೇಷ್ಟ್ರೇ, ಒಂದು ಕಲ್ಲನ್ನ ಎರಡು ಸಲ ಕೊಡ್ತಾರಾ?"

"ಹೂಂ ಮತ್ತೆ. ನಂಬರ್ ಬದಲಾಯ್ಸಿ ಆಗಾಗ ನುಗ್ಗಿಸ್ತಾರೆ. ನಮ್ಮ ಮೇಲೆ ನಮ್ಮದೇ ಪರೀಕ್ಷೆ."

ಹಳೆಯದು ಎಷ್ಟಿತ್ತು ಎಂದು ನೆನಪಿರಲಿಲ್ಲ. ಬರೆದಿದ್ದು ಮಾತ್ರ ನೆನಪಿತ್ತು. ಮನೆಗೆ ಬಂದವಳೇ ಈ ನೋಟ್‌ಬುಕ್ಕಿನ ಜೂನ್ ತಿಂಗಳ ಪುಟ ತೆಗೆದೆ. ಅಕ್ಷರ ಇರುವೆ ಸಾಲು. ಅಷ್ಟು ಸಣ್ಣಗೆ ಯಾಕೆ ಬರೆದಿದ್ದೆನೋ! ಹತ್ತಿರ ಹಿಡಿದೆ, ದೂರ ಹಿಡಿದೆ. ಕೊನೆಗೆ ಅತ್ತೆಯನ್ನು ಕರೆದೆ.

ಅತ್ತೆ ಪುಸ್ತಕವನ್ನು ಬಾಗಿಲ ಬೆಳಕಿಗೆ ಒಯ್ದು, ತೋಳು ಪೂರ್ತಿ ಚಾಚಿ, ಒಂದೊಂದೇ ಪದ ಓದಿದರು. "ನಾನೂರ... ಒಂದು. ಮೂರನೇ ದಿನಕ್ಕೇ ಪಳಗಿಬಿಟ್ಯಲ್ಲೇ..." ಆಮೇಲೆ ಆ ದಿನದ ಕೊನೆಯ ಸಾಲನ್ನೂ ಓದಿದರು. ನನಗೆ ಎಲ್ಲವೂ ಕಾಣುತ್ತದೆ ಎಂದು ನಾನೇ ಬರೆದದ್ದನ್ನು.

ಪುಸ್ತಕ ಮುಚ್ಚಿ ಕೈಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಕಲ್ಲು ನಲವತ್ತು ಕೋಟಿ ವರ್ಷದಿಂದ ಹಾಗೇ ಇದೆ. ಎರಡೇ ತಿಂಗಳಲ್ಲಿ ಅದರ ಇಪ್ಪತ್ತೊಂಬತ್ತು ದಿನ ಎಲ್ಲಿ ಹೋದವು? ಸಣ್ಣ ಗೆರೆಗಳು ಎರಡೆರಡು ಸೇರಿ ಒಂದಾಗಿ ಕಂಡಿವೆ ನನಗೆ. ಬಲ್ಬು ಸರಿ ಇತ್ತು. ದಾರ ಸರಿ ಇತ್ತು. ಬಸ್ಸಿನ ಬೋರ್ಡೂ ಸರಿ ಇತ್ತು.


ಆಗಸ್ಟ್ ೬, ಮಂಗಳವಾರ

ಬೆಳಿಗ್ಗೆಯೇ ದೊಡ್ಡಕ್ಕನ ಮೇಜಿನ ಮುಂದೆ ನಿಂತೆ. "ತಪ್ಪಾಯ್ತು ದೊಡ್ಡಕ್ಕ. ನನ್ನ ಕಣ್ಣು ಹೋಗಿದೆ. ನಿನ್ನ ಲೆಕ್ಕಾನೇ ಸರಿ."

ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಯಂತ್ರ ಕೆಳಗಿಟ್ಟು ತಲೆ ಬಗ್ಗಿಸಿದಳು.

"ನಂದೂ ಸರಿ ಇಲ್ಲ ಕಣೆ."

"ಏನಂದೆ?"

"ಮಧ್ಯಾಹ್ನ ಎರಡು ಗಂಟೆ ಆದ್ಮೇಲೆ ನಂಗೆ ಬರೀ ಬಿಳೀ ಮಂಜು. ಎಷ್ಟೋ ದಿನ ಆಯ್ತು. ಆದ್ರೂ ಒತ್ತುತ್ತಾ ಹೋಗ್ತೀನಿ. ನಾಲ್ಕು ವರ್ಷ ಒತ್ತಿದ ಬೆರಳು, ನಾನೂರು ಎಲ್ಲಿ ಮುಗಿಯತ್ತೆ ಅಂತ ಅದಕ್ಕೇ ಗೊತ್ತು. ಟೇಪು ಹಾಕಿದ್ದು ಕಣ್ಣಿಗೆ ತಾನೆ? ಬೆರಳಿಗೆ ಯಾರು ಹಾಕ್ತಾರೆ?"

ಮೇಷ್ಟ್ರು ಬಾಗಿಲ ಕಡೆ ಮುಖಮಾಡಿ ಕೂತಿದ್ದರು. ತಿರುಗದೆಯೇ ಹೇಳಿದರು: "ನಂದೂ ಅಷ್ಟೇ ಅಂತ ಬರ್ಕೊಳ್ಳಿ. ನಲವತ್ತು ಕೋಟಿ ವರ್ಷದ ಕಲ್ಲಿಗೆ ನಾನು ಹಾಜರಿ ಹಾಕ್ತಿದ್ದೆ, ಕ್ಲಾಸಿಗೆ ಬರದ ಹುಡುಗರಿಗೆ ಹಾಕಿದ ಹಾಗೆ."

ಮೂವರೂ ನಕ್ಕೆವು. ದೊಡ್ಡಕ್ಕನ ನಗು ಮಧ್ಯದಲ್ಲಿ ಅಳುವಾಯಿತು.

ನನ್ನ ಅಂಕಿ ಬಿದ್ದುಹೋಗಿ ಸುಳ್ಳಾಯಿತು. ಅವರ ಅಂಕಿ ನೆಟ್ಟಗೆ ನಿಂತು ಸುಳ್ಳಾಯಿತು. ಆಳೆತ್ತರದ ಬೋರ್ಡು ನಿಂತಿರುವುದು ಆ ಸುಳ್ಳಿನ ಮೇಲೆ. ನಮ್ಮ ಮೂವರ ಕಣ್ಣಿನ ಮೇಲೆ ಎಂದೇ ಬರೆಯುತ್ತೇನೆ, ಸುಳ್ಳು ಅನ್ನುವುದು ತೀರಾ ಮರ್ಯಾದೆಯ ಮಾತಾಯಿತು.


ಆಗಸ್ಟ್ ೭, ಬುಧವಾರ

ಕಣ್ಣಿನ ಡಾಕ್ಟರು. ಅರ್ಧ ದಿನ ಸರದಿಯಲ್ಲಿ ಕೂತೆ. ಎದುರಿನ ಹಲಗೆಯಲ್ಲಿ ಎರಡನೆಯ ಸಾಲಿನವರೆಗೆ ಓದಿದೆ. ಒಂದೇ ದೂರಕ್ಕೆ ದಿನಕ್ಕೆ ಒಂಬತ್ತು ಗಂಟೆ ನೋಡಿಸಿದರೆ ಕಣ್ಣಿನ ಒಳಗಿನ ಸ್ನಾಯು ಹಿಡಿದುಕೊಂಡು ಬಿಡುತ್ತದಂತೆ. ವಿಶ್ರಾಂತಿ ಕೊಟ್ಟರೆ ಸಡಿಲವಾಗಬಹುದು, ಪೂರ್ತಿ ಮೊದಲಿನ ಹಾಗೆ ಆಗದೆಯೂ ಇರಬಹುದು. ಸೂಕ್ಷ್ಮದರ್ಶಕ ಮುಟ್ಟಬಾರದು ಎಂದು ಚೀಟಿ ಬರೆದುಕೊಟ್ಟರು.

ಚೀಟಿ ತೋರಿಸಿದರೆ ನನ್ನ ಕೆಲಸ ಹೋಗುತ್ತದೆ. ತೋರಿಸದಿದ್ದರೆ ಆ ಇಬ್ಬರ ಕಣ್ಣು ಹೋಗುತ್ತದೆ.

ಅತ್ತೆ ಕೇಳಿದರು, "ಏನು ಮಾಡ್ತೀಯ?"

"ಅರ್ಜಿ ಬರೀಬೇಕು. ಸಹಿ ಮೂವರದ್ದೂ ಬೇಕು. ಜುಲೈ ಒಂದರ ಆ ಹಾಳೆ ಬಾಗಿಲಲ್ಲೇ ಇದೆ, ಅದರ ನಕಲು ತೆಗೀಬೇಕು. ರಿಜಿಸ್ಟರಿನ ಪುಟದ್ದೂ ನಕಲು ಬೇಕು..."

"ಅದೆಲ್ಲ ಮುಗೀತು ಅಂತಿದ್ದೆ."

"ಏನು ಮುಗೀತು?" ಅಂದೆ. ಅತ್ತೆ ಯಾಕೆ ನಕ್ಕರೋ ತಿಳಿಯಲಿಲ್ಲ.


ಆಗಸ್ಟ್ ೮, ಗುರುವಾರ

ಅರ್ಜಿಯನ್ನು ಮೇಷ್ಟ್ರ ಕೈಯಲ್ಲಿ ಬರೆಸಿದೆವು. ಅವರದು ಕಪ್ಪುಹಲಗೆಯ ಅಕ್ಷರ, ಕಣ್ಣಿಲ್ಲದೆಯೂ ಸಾಲು ತಪ್ಪುವುದಿಲ್ಲ.

"ಜುಲೈ ಒಂದರಿಂದ ಈಚೆಗೆ ನಾವು ಮೂವರು ಮಾಡಿದ ಎಲ್ಲ ಎಣಿಕೆಯನ್ನೂ ರದ್ದುಮಾಡಬೇಕು. ಕಾರಣ, ಕೆಲಸದ ಹೊತ್ತನ್ನು ಒಂಬತ್ತು ಗಂಟೆಗೆ ಏರಿಸಿ ಕಣ್ಣಿನ ವಿರಾಮ ಕಿತ್ತುಕೊಂಡದ್ದು. ಆರು ಗಂಟೆ ಮರಳಿ ಬರುವವರೆಗೆ ನಾವು ಒಂದು ಗೆರೆಯನ್ನೂ ಎಣಿಸುವುದಿಲ್ಲ."

ದೊಡ್ಡಕ್ಕ ಪೆನ್ನು ಹಿಡಿದು ಬಹಳ ಹೊತ್ತು ನಿಂತಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಕೊನೆಗೆ ಸಹಿ ಹಾಕಿದಳು.

ಸಾಹೇಬರು ಎರಡು ಸಲ ಓದಿದರು. ಬಾಗಿಲು ಹಾಕಿಕೊಂಡು ಬಂದರು.

"ನೀವು ಹೇಳೋದು ಸರಿ ಇರಬಹುದು. ಕಾರಣದ ಜಾಗದಲ್ಲಿ 'ವೈಯಕ್ತಿಕ ಅನಾರೋಗ್ಯ' ಅಂತ ಬರೀರಿ. ನಿಮಗೆ ರಜೆ ಹಾಕಿಸ್ತೀನಿ. ಕಣ್ಣು ಸರಿಯಾದ್ಮೇಲೆ ನಿಮ್ಮ ಜಾಗ ನಿಮಗೇ. ಅವರಿಬ್ಬರಿಗೂ ಏನೂ ಆಗಲ್ಲ."

ಒಂದು ಗಳಿಗೆ ಆಸೆ ಹುಟ್ಟಿತು. ಸುಳ್ಳು ಬರೆಯುವುದಿಲ್ಲ ಇಲ್ಲಿ. ಹುಟ್ಟಿತು.

"ಮೂರು ಜನಕ್ಕೂ ಒಂದೇ ಜುಲೈ ಒಂದನೇ ತಾರೀಕು ವೈಯಕ್ತಿಕ ಅನಾರೋಗ್ಯ ಬಂತಾ ಸಾರ್?"

"ನನಗೂ ಮೇಲಿನೋರು ಇದಾರಮ್ಮಾ."

"ಇರಲಿ ಸಾರ್. ಅವರನ್ನೂ ಕರೀರಿ. ಒಂದು ದಿನ, ಒಂದೇ ದಿನ, ಒಂಬತ್ತು ಗಂಟೆ ಆ ಸೂಕ್ಷ್ಮದರ್ಶಕದೊಳಗೆ ನೋಡಲಿ. ಸಂಜೆ ಅವರ ಮನೇಲಿ ಸೂಜಿ ಪೋಣಿಸಿ ತೋರಿಸಲಿ. ಅನಾರೋಗ್ಯ ಯಾರದ್ದು ಅಂತ ಆಮೇಲೆ ಬರೆಯೋಣ."

ಡಾಕ್ಟರ ಚೀಟಿಯನ್ನೂ ಅರ್ಜಿಯ ಮೇಲಿಟ್ಟೆ. ಅವರು ಅದನ್ನು ನೋಡಿದರು. "ಇದು ಕೊಟ್ರೆ ನಿಮ್ಮನ್ನ ಇಲ್ಲಿ ಇಟ್ಕೊಳ್ಳೋಕೆ ಆಗಲ್ಲ, ಗೊತ್ತಲ್ಲ?"

"ಗೊತ್ತು."

ಇಳಿದು ಬರುವಾಗ ಹೊಸ ಕೊಠಡಿಯ ಬಾಗಿಲು ತೆರೆದಿತ್ತು. ೪೦೦ ನನಗೆ ನೀಲಿ ಮೋಡದ ಹಾಗೆ ಕಂಡಿತು. ಮೆಟ್ಟಿಲು ಮೂವತ್ತೆರಡು. ಎಣಿಸಿಕೊಂಡೇ ಇಳಿದೆ, ಈಗ ಎಣಿಸದೆ ಇಳಿಯಲು ಆಗುವುದಿಲ್ಲ.


ಆಗಸ್ಟ್ ೨೬, ಸೋಮವಾರ

ಪುಟಕ್ಕೆ ಐದು ಸಾಲು. ದಪ್ಪ ಪೆನ್ನು. ಸಾಕು.

ಕೊಠಡಿ ಇನ್ನೂ ತೆರೆದಿಲ್ಲ. ಬಾಗಿಲಿನ ಹಾಳೆ ಕಿತ್ತರಂತೆ. ಜುಲೈಯ ಎಣಿಕೆಯೆಲ್ಲ ರದ್ದು. ಮತ್ತೆ ಮೊದಲಿನಿಂದ. ನನ್ನ ಮೇಜು ಖಾಲಿ.

ಅತ್ತೆ ಹೊಲಿಯುತ್ತಿದ್ದರು. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಆಕಾರ ಮಾತ್ರ ಕಂಡಿತು. ಯಾರು ಅಂದೆ.

"ನಾನು ಕಣೆ. ಮೇಕೆಕಿವಿ ನಂಗೆ ಬಂತು ಇವತ್ತು. ಬೆರಳು ಮಾತು ಕೇಳಬಾರದು ಅಂತ ಬಲಗೈಲಿ ಒತ್ತಿದೆ. ಮೇಷ್ಟ್ರು ಟೇಪು ಬಿಚ್ಚಿದ್ರು. ಮುನ್ನೂರ ತೊಂಬತ್ತೆಂಟು."

ಜೂನಿನಲ್ಲಿ ನನಗೆ ನಾನೂರ ಒಂದು. ಮೂರು ಗೆರೆ ವ್ಯತ್ಯಾಸ. ಇರಲಿ. ನೋಡಿ ಎಣಿಸಿದ್ದು.

"ಇಷ್ಟು ಬೇಗ ಹೇಗೆ ಬಂದೆ ದೊಡ್ಡಕ್ಕ?"

"ಬೇಗ ಎಲ್ಲಿ? ನಾಲ್ಕಕ್ಕೆ ಬಿಟ್ರು. ನೋಡಿಲ್ಲಿ, ಎದುರು ಗೋಡೆ ಮೇಲೆ ಬಿಸಿಲು ಹಾಗೇ ಇದೆ."

ನೋಡಿದೆ. ತಿಳಿಹಸಿರು.